ಸ್ವಾತಿ ಮಳೆಯಲ್ಲಿ ನಂದಿ ಬೆಟ್ಟ: ಗುಂಪಿನ ಕಟ್ಟಕಡೆಯ ಸೈಕಲ್‌ನಿಂದ

ಬೆಂಗಳೂರಿನಲ್ಲಿ ಸೈಕಲ್ ತುಳಿಯುವವರಿಗೆ ಮುಂಗಾರಿಗಿಂತ ಹಿಂಗಾರೇ ಕಷ್ಟ. ಜೂನ್, ಜುಲೈನಲ್ಲಿ ಎಲ್ಲರೂ ಮಳೆಗೆ ತಯಾರಾಗಿಯೇ ಹೊರಡುತ್ತಾರೆ. ದಸರಾ ಕಳೆಯುತ್ತಿದ್ದಂತೆ ಮಡ್‌ಗಾರ್ಡ್ ಬಿಚ್ಚಿಡುತ್ತಾರೆ, ರೇನ್‌ಕೋಟು ಬೀರು ಸೇರುತ್ತದೆ. ಆಮೇಲೆ ಬರುತ್ತದೆ ಚಿತ್ತಾ ಮಳೆ, ಅದರ ಬೆನ್ನಿಗೇ ಸ್ವಾತಿ. ಜೋರಾಗಿ ಸುರಿದು ನಿಲ್ಲುವ ಮಳೆಯಾದರೆ ಯಾವುದಾದರೂ ಅಂಗಡಿ ಮುಂದೆ ನಿಂತು ಕಾಯಬಹುದು. ಇದು ಹಾಗಲ್ಲ. ಬೆಳಗಿನ ಜಾವದಿಂದ ಜಿಟಿಜಿಟಿ ಹಿಡಿದು, ಸ್ವಲ್ಪ ಹೊತ್ತು ಬಿಟ್ಟು, ಮತ್ತೆ ಶುರುವಾಗುತ್ತದೆ. ರಸ್ತೆ ಒಣಗುವುದೇ ಇಲ್ಲ.

ಅಕ್ಟೋಬರ್ ಕೊನೆಯ ಇಂಥದೇ ಒಂದು ದಿನ ನಮ್ಮ ಕ್ಲಬ್ಬಿನವರು ಯಲಹಂಕದಿಂದ ಹೊರಟು, ದೇವನಹಳ್ಳಿ ಮೇಲೆ ಹೋಗಿ ನಂದಿ ಬೆಟ್ಟ ಹತ್ತಿ ಇಳಿದು, ದೊಡ್ಡಬಳ್ಳಾಪುರದ ಕಡೆಯಿಂದ ಸುತ್ತಿಕೊಂಡು ವಾಪಸ್ ಬಂದೆವು. ಒಟ್ಟು ಹನ್ನೆರಡು ಜನ. ಬೆಟ್ಟ ಹತ್ತುವುದು ಕೆಲವರಿಗೆ ನೀರು ಕುಡಿದಷ್ಟು ಸುಲಭ, ಇನ್ನು ಕೆಲವರಿಗೆ ಅದೇ ಮೊದಲು. ನಾನು ಸ್ವೀಪ್, ಅಂದರೆ ಎಲ್ಲರಿಗಿಂತ ಹಿಂದಿನ ಸೈಕಲ್ ನನ್ನದು, ನನ್ನ ಹಿಂದೆ ಯಾರೂ ಉಳಿಯಬಾರದು. ಈ ಕೆಲಸವನ್ನು ನಾನೇ ಕೇಳಿ ತೆಗೆದುಕೊಳ್ಳುತ್ತೇನೆ. ಗುಂಪು ಹೇಗೆ ಸಾಗುತ್ತಿದೆ, ಯಾರು ಸುಸ್ತಾಗಿದ್ದಾರೆ, ಯಾರ ಚಕ್ರದಲ್ಲಿ ಗಾಳಿ ಕಡಿಮೆಯಾಗುತ್ತಿದೆ ಅನ್ನುವುದು ಮುಂದೆ ಹೋಗುವವರಿಗೆ ಕಾಣುವುದಿಲ್ಲ, ಹಿಂದಿನಿಂದ ಎಲ್ಲ ಕಾಣುತ್ತದೆ.

ಹಿಂದಿನಿಂದ ನೋಡಿ ನೋಡಿ ನನಗೆ ಖಾತ್ರಿಯಾಗಿರುವ ಮಾತು ಒಂದಿದೆ. ಒದ್ದೆ ದಿನ ಬೆಟ್ಟದ ದಾರಿಯಲ್ಲಿ ಗುಂಪನ್ನು ಒಟ್ಟಿಗೇ ಕರೆದೊಯ್ಯಲು ನೋಡಬಾರದು. ಬೇಕಂತಲೇ ಒಡೆಯಬೇಕು. ಎಲ್ಲಿ ಒಡೆಯುವುದು, ಎಲ್ಲಿ ಮತ್ತೆ ಸೇರುವುದು ಅಂತ ಹೊರಡುವ ಮುಂಚೆಯೇ ಎಲ್ಲರಿಗೂ ಗೊತ್ತಿರಬೇಕು. ಆ ದಿನ ನಾವು ಮಾಡಿದ್ದು ಇದನ್ನೇ, ಹೇಗೆ ಅಂತ ಬರೆಯುತ್ತೇನೆ.

ಹಿಂದಿನ ರಾತ್ರಿಯ ತಯಾರಿ ಜಾಸ್ತಿ ಏನಿಲ್ಲ. 28 ಮಿಲಿಮೀಟರ್ ಟೈರಿಗೆ ಒಣ ರಸ್ತೆಯಲ್ಲಿ ನಾನು 80 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಹತ್ತಿರ ಗಾಳಿ ಹೊಡೆಯುತ್ತೇನೆ, ಮಳೆ ಅಂದರೆ 65–70ಕ್ಕೆ ಇಳಿಸುತ್ತೇನೆ. ಸ್ವಲ್ಪ ಮೆತ್ತಗಿದ್ದರೆ ಒರಟು ಡಾಂಬರಿನ ಮೇಲೆ ಟೈರು ಕುಣಿಯುವುದಿಲ್ಲ, ಹಿಡಿತ ಚೆನ್ನಾಗಿರುತ್ತದೆ. ಬ್ರೇಕ್ ಪ್ಯಾಡ್ ನೋಡಲೇಬೇಕು, ಯಾಕೆಂದರೆ ಕೆಂಪು ಮಣ್ಣಿನ ರಾಡಿ ಉಜ್ಜುಕಾಗದದ ಥರ ಪ್ಯಾಡನ್ನು ತಿಂದುಹಾಕುತ್ತದೆ. ಹಿಂದಿನ ಲೈಟು ಚಾರ್ಜ್ ಆಗಿರಬೇಕು, ಹಗಲಾದರೂ ಉರಿಯುತ್ತಿರಬೇಕು. ಬೆಟ್ಟದ ಮೇಲೆ ಮಂಜು ಇಳಿದರೆ ಹತ್ತು ಮಾರು ಮುಂದಿರುವವರೂ ಕಾಣುವುದಿಲ್ಲ. ಜೊತೆಗೆ ಒಂದು ಹಳೆಯ ದಿನಪತ್ರಿಕೆ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಜೇಬಿಗೆ. ಅದು ಯಾಕೆ ಅಂತ ಮುಂದೆ ಹೇಳುತ್ತೇನೆ.

ಮಡ್‌ಗಾರ್ಡ್ ವಿಚಾರದಲ್ಲಿ ನಮ್ಮ ಕ್ಲಬ್ಬು ಬಿಗಿ. ಮಳೆ ಇರುವ ದಿನ ಹಿಂದಿನ ಚಕ್ರಕ್ಕೆ ಮಡ್‌ಗಾರ್ಡ್ ಇಲ್ಲದಿದ್ದರೆ ಸಾಲಿನ ಕೊನೆಗೆ ಬರಬೇಕು. ಅದು ನಿಮ್ಮ ಬೆನ್ನು ಒದ್ದೆಯಾಗದಿರಲಿ ಅಂತಲ್ಲ, ನಿಮ್ಮ ಹಿಂದೆ ಬರುವವರ ಕಣ್ಣಿಗೆ ಕೆಸರು ಹಾರದಿರಲಿ ಅಂತ. ಕಣ್ಣಿಗೆ ರಾಡಿ ಹೊಡೆಸಿಕೊಂಡವರು ಗುಂಡಿ ನೋಡುವುದು ಹೇಗೆ?

ಹೆದ್ದಾರಿಯ ಭಾಗ ಬೇಗ ಮುಗಿಸಿದೆವು, ಅದರಲ್ಲಿ ಸುಖ ಏನೂ ಇಲ್ಲ. ಒಂದೇ ಸಾಲು, ಸರ್ವಿಸ್ ರಸ್ತೆ ಇದ್ದಲ್ಲೆಲ್ಲ ಸರ್ವಿಸ್ ರಸ್ತೆ. ಒಣ ದಿನ ಚಕ್ರಕ್ಕೆ ಚಕ್ರ ಅಂಟಿಸಿಕೊಂಡು ಹೋಗುವವರು ಆ ದಿನ ಎರಡು ಸೈಕಲ್ ಉದ್ದದ ಅಂತರ ಬಿಟ್ಟಿದ್ದರು. ಮುಂದಿನವರು "ಗುಂಡಿ!", "ಹಂಪ್!" ಅಂತ ಕೂಗಿದರೆ ಒಬ್ಬೊಬ್ಬರಾಗಿ ಹಿಂದಕ್ಕೆ ದಾಟಿಸಬೇಕು, ನನ್ನ ತನಕ. ಹಂಪಿನ ಮೇಲಿನ ಬಿಳಿ ಬಣ್ಣ ಒದ್ದೆಯಾದಾಗ ಸೋಪು ಸವರಿದ ಹಾಗೆ ಜಾರುತ್ತದೆ, ಅದರ ಮೇಲೆ ಹೋಗುವಾಗ ಬ್ರೇಕನ್ನೂ ಹಿಡಿಯಬಾರದು, ಹ್ಯಾಂಡಲನ್ನೂ ತಿರುಗಿಸಬಾರದು. ನೇರ ದಾಟಿಬಿಡಬೇಕು.

ದೇವನಹಳ್ಳಿ ದಾಟಿದ ಮೇಲೆ ಒಂದು ಪಂಕ್ಚರ್ ಆಯಿತು. ಮಳೆ ದಿನ ಪಂಕ್ಚರ್ ಜಾಸ್ತಿ. ನೀರು ರಸ್ತೆಯ ಕಸವನ್ನೆಲ್ಲ ಅಂಚಿಗೆ ತಳ್ಳುತ್ತದೆ, ನಾವು ಓಡಾಡುವುದೂ ಅಂಚಿನಲ್ಲೇ. ಅಲ್ಲದೆ ಒದ್ದೆ ರಬ್ಬರು ಬೇಗ ಸೀಳುತ್ತದೆ. ಹೆದ್ದಾರಿಯಲ್ಲಿ ಹೆಚ್ಚಾಗಿ ಚುಚ್ಚುವುದು ಮೊಳೆಯಲ್ಲ, ಒಡೆದ ಲಾರಿ ಟೈರಿನಿಂದ ಉದುರಿದ ಕೂದಲಿನಷ್ಟು ಸಣ್ಣ ತಂತಿ. ಬರಿಗಣ್ಣಿಗೆ ಕಾಣುವುದಿಲ್ಲ. ಹಾಗಾಗಿ ಹೊಸ ಟ್ಯೂಬ್ ಹಾಕುವ ಮುಂಚೆ ಟೈರಿನ ಒಳಗೆ ಒಂದು ಬಟ್ಟೆ ಚೂರನ್ನು ಸುತ್ತಲೂ ಎಳೆಯುತ್ತೇನೆ, ತಂತಿ ಇದ್ದರೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಅವತ್ತೂ ಸಿಕ್ಕಿತು. ಹೀಗೆ ಮಾಡದೆ ಟ್ಯೂಬ್ ಬದಲಿಸಿದರೆ ಒಂದು ಕಿಲೋಮೀಟರಿಗೆ ಮತ್ತೆ ಟುಸ್. ನಾವು ಇಬ್ಬರು ಇದನ್ನು ಮಾಡುವಾಗ ಉಳಿದವರು ನಿಂತು ಕಾಯಲಿಲ್ಲ. ನಿಧಾನಕ್ಕೆ ಮುಂದೆ ಹೋದರು, ಬೆಟ್ಟದ ಕೆಳಗಿನ ಚೆಕ್‌ಪೋಸ್ಟ್ ಹತ್ತಿರ ಸೇರುವುದು ಅಂತ ಮೊದಲೇ ಮಾತಾಗಿತ್ತು. ಒದ್ದೆ ಮೈಯಲ್ಲಿ ಹನ್ನೆರಡೂ ಜನ ನಿಂತರೆ ಹನ್ನೆರಡೂ ಜನಕ್ಕೆ ಚಳಿ ಹಿಡಿಯುತ್ತದೆ ಅಲ್ವಾ?

ಚೆಕ್‌ಪೋಸ್ಟ್ ಹತ್ತಿರ ನಮ್ಮ ಲೀಡ್ ಮಾಡುವ ಅಕ್ಕ ಎಲ್ಲರನ್ನೂ ನಿಲ್ಲಿಸಿ ರೇನ್‌ಕೋಟು ತೆಗೆಸಿದರು. ಕಾಲೇಜು ಹುಡುಗಿಯೊಬ್ಬಳು "ಅಕ್ಕ, ಮಳೆ ಬರ್ತಾ ಇದೆಯಲ್ಲ?" ಅಂದಳು. "ಹತ್ತುವಾಗ ಒಳಗಿಂದ ಬೆವರಲ್ಲಿ ನೆನೀತೀಯ ಕಣೇ. ಆ ಒದ್ದೆ ಇನ್ನೂ ಕೆಟ್ಟದ್ದು. ತೆಗೆದು ಒಳಗಿಟ್ಟುಕೋ, ಮೇಲೆ ಹೋದ ಮೇಲೆ ಹಾಕುವೆಯಂತೆ." ಈ ಮಾತು ನೂರಕ್ಕೆ ನೂರು ನಿಜ. ಹತ್ತುವಾಗ ಮೈ ಕಾದಿರುತ್ತದೆ, ತುಂತುರು ಏನೂ ಮಾಡುವುದಿಲ್ಲ.

ಇಲ್ಲಿಂದ ಗುಂಪು ಒಡೆಯಿತು. ಸುಮಾರು ಎಂಟು ಕಿಲೋಮೀಟರ್ ಏರು, ಬೆಟ್ಟದ ತುದಿ 1478 ಮೀಟರ್. ಬಲ ಇದ್ದವರು ಅವರ ಪಾಡಿಗೆ ಹೋದರು, ಮಧ್ಯದವರು ಮೂವರು ಮೂವರಾಗಿ. ನಾನು ಕೊನೆಯಲ್ಲಿ ಒಬ್ಬ ಮೇಷ್ಟ್ರ ಜೊತೆ. ಐವತ್ತು ದಾಟಿದವರು, ನಂದಿಗೆ ಸೈಕಲ್‌ನಲ್ಲಿ ಬಂದಿದ್ದು ಮೊದಲ ಸಲ. ಅವರು ಏರು ಕಂಡ ತಕ್ಷಣ ಸೀಟು ಬಿಟ್ಟು ಎದ್ದು ತುಳಿಯುತ್ತಿದ್ದರು, ಹಿಂದಿನ ಚಕ್ರ ಸುಯ್ಯನೆ ಜಾರುತ್ತಿತ್ತು. ಒದ್ದೆ ರಸ್ತೆಯಲ್ಲಿ ಎದ್ದು ನಿಂತರೆ ಭಾರ ಮುಂದಕ್ಕೆ ಹೋಗಿ ಹಿಂದಿನ ಚಕ್ರಕ್ಕೆ ಹಿಡಿತ ತಪ್ಪುತ್ತದೆ.

"ಮೇಷ್ಟ್ರೇ, ಕೂತೇ ತುಳಿಯಿರಿ. ಎಲ್ಲಕ್ಕಿಂತ ಹಗುರದ ಗೇರಿಗೆ ಹಾಕಿ."

"ಹಾಕಿದರೆ ನಡೆಯೋರಿಗಿಂತ ನಿಧಾನ ಹೋಗ್ತೀನಲ್ಲಪ್ಪ."

"ಹೋಗಲಿ ಬಿಡಿ. ಮಾತಾಡೋಕೆ ಉಸಿರು ಉಳೀಬೇಕು, ಅಷ್ಟೇ ಲೆಕ್ಕ."

ಮಾತಾಡುತ್ತಲೇ ಹತ್ತಿದೆವು. ನೀಲಗಿರಿ ಮರಗಳ ಕೆಳಗೆ ಉದುರಿದ ಎಲೆ ರಸ್ತೆಗೆ ಅಂಟಿಕೊಂಡಿತ್ತು, ಅದರ ಮೇಲೆ ಹೋಗದೆ ವಾಹನಗಳ ಚಕ್ರ ಹಾದು ತೊಳೆದ ಜಾಗ ನೋಡಿ ಹೋಗುತ್ತಿದ್ದೆವು. ಎದುರಿನಿಂದ ಸೂರ್ಯೋದಯ ನೋಡಲು ಹೋಗಿದ್ದ ಬೈಕು, ಕಾರುಗಳು ಇಳಿಯುತ್ತಿದ್ದವು, ಪಾಪ ಅವರಿಗೆ ಸೂರ್ಯ ಸಿಕ್ಕಿರಲಿಕ್ಕಿಲ್ಲ. ತಿರುವಿನಲ್ಲಿ ಅವರು ನಮ್ಮ ಕಡೆಗೆ ಬಂದುಬಿಡುತ್ತಾರೆ. ಹಾಗಾಗಿ ಕುರುಡು ತಿರುವು ಬಂದಾಗಲೆಲ್ಲ ನಾನು ಮೇಷ್ಟ್ರ ಸ್ವಲ್ಪ ಹಿಂದೆ, ಒಂದು ಮೊಳ ರಸ್ತೆಯ ಒಳಕ್ಕೆ ಇರುತ್ತಿದ್ದೆ, ಮೇಲಿಂದ ಬರುವವರಿಗೆ ನಾನಾದರೂ ಕಾಣಲಿ ಅಂತ. ಅರ್ಧ ದಾರಿಯ ಮೇಲೆ ಮಂಜು. ಮರದಿಂದ ತೊಟ್ಟಿಕ್ಕುವ ನೀರಿನ ಸದ್ದು, ನಮ್ಮ ಚೈನಿನ ಸದ್ದು, ಮುಂದೆ ಎಲ್ಲೋ ಒಂದು ಕೆಂಪು ಲೈಟು. ನನಗೆ ನಂದಿ ಇಷ್ಟವಾಗುವುದು ಇಂಥ ದಿನವೇ. ಕೊನೆಯ ಕಡಿದಾದ ತಿರುವುಗಳಲ್ಲಿ ಮೇಷ್ಟ್ರು ಒಮ್ಮೆ ಇಳಿದು ನಡೆದರು, ಮತ್ತೆ ಹತ್ತಿದರು. ಮೇಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು, ಅವರ ಮುಖ ನೋಡಬೇಕಿತ್ತು.

ಮೇಲೆ ಜಾಸ್ತಿ ಹೊತ್ತು ನಿಲ್ಲಬಾರದು. ಬೆಂಗಳೂರಿಗಿಂತ ಇಲ್ಲಿ ಮೂರ್ನಾಲ್ಕು ಡಿಗ್ರಿ ಕಡಿಮೆ, ಮೇಲೆ ಗಾಳಿ ಬೇರೆ. ಬಿಸಿ ಚಹಾ, ಕಡಲೆಕಾಯಿ ಚಿಕ್ಕಿ, ಬಾಳೆಹಣ್ಣು, ಹತ್ತು ನಿಮಿಷ, ಮುಗೀತು. (ಬಾಳೆಹಣ್ಣನ್ನು ಕೈಯಲ್ಲಿ ಹಿಡಿದು ಓಡಾಡಬೇಡಿ, ಅಲ್ಲಿನ ಕೋತಿಗಳು ಬಿಡುವುದಿಲ್ಲ.) ಆಗ ಹೊರಬಂತು ದಿನಪತ್ರಿಕೆ. ಜೆರ್ಸಿಯ ಒಳಗೆ ಎದೆಗೆ ನಾಲ್ಕು ಹಾಳೆ ಮಡಿಸಿ ಇಟ್ಟುಕೊಂಡು, ಅದರ ಮೇಲೆ ರೇನ್‌ಕೋಟು. ಯುರೋಪಿನ ಪರ್ವತಗಳಲ್ಲಿ ರೇಸ್ ಮಾಡುವವರು ಹಿಂದಿನಿಂದಲೂ ಮಾಡಿಕೊಂಡು ಬಂದ ಉಪಾಯ ಇದು. ಇಳಿಯುವಾಗ ಗಾಳಿ ಎದೆಗೇ ಹೊಡೆಯುತ್ತದೆ, ಕಾಗದ ಅದನ್ನು ತಡೆಯುತ್ತದೆ. ನಾಲ್ಕೈದು ಜನಕ್ಕೆ ಹಂಚಿದೆ.

ಇನ್ನು ಇಳಿಯುವುದು. ಹತ್ತುವುದರ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಎಷ್ಟು ನಿಮಿಷ, ಯಾವ ಗೇರು ಅಂತ. ಮಳೆ ದಿನ ಮೂಳೆ ಮುರಿಯುವುದು ಇಳಿಯುವಾಗ. ಹಾಗಾಗಿ ಇಳಿಯುವ ಕ್ರಮ ನಾವು ಬೇರೆಯೇ ಇಟ್ಟುಕೊಂಡಿದ್ದೇವೆ. ಒಬ್ಬರು ಹೊರಟ ಮೇಲೆ ಮನಸ್ಸಿನಲ್ಲಿ ಇಪ್ಪತ್ತು ಎಣಿಸಿ ಇನ್ನೊಬ್ಬರು. ಯಾರೂ ಯಾರನ್ನೂ ಹಿಂದಿಕ್ಕುವ ಹಾಗಿಲ್ಲ, ಎಷ್ಟೇ ಬಲ ಇರಲಿ. ಮುಂದಿನವರು ಬಿದ್ದರೂ ಹಿಂದಿನವರಿಗೆ ನಿಲ್ಲಿಸಲು ಜಾಗ ಇರಬೇಕು.

ರಿಮ್ ಬ್ರೇಕ್, ಅಂದರೆ ಚಕ್ರದ ಲೋಹದ ಬಳೆಯನ್ನೇ ಪ್ಯಾಡು ಅದುಮುವಂಥ ಬ್ರೇಕ್ ಇದ್ದವರಿಗೆ ಇನ್ನೊಂದು ವಿಷಯ. ರಿಮ್ ಒದ್ದೆಯಾಗಿದ್ದಾಗ ಬ್ರೇಕ್ ಹಿಡಿದ ತಕ್ಷಣ ಏನೂ ಆಗುವುದಿಲ್ಲ. ಪ್ಯಾಡು ಮೊದಲು ನೀರು ಒರೆಸಬೇಕು, ಆಮೇಲೆ ಹಿಡಿಯುತ್ತದೆ. ಆ ಒಂದೆರಡು ಸುತ್ತಿನಲ್ಲಿ ಏನೂ ತಿಳಿಯದವರು ಗಾಬರಿಯಾಗಿ ಪೂರ್ತಿ ಅದುಮುತ್ತಾರೆ, ಅಷ್ಟರಲ್ಲಿ ರಿಮ್ ಒಣಗಿ ಚಕ್ರ ಕಚ್ಚಿಕೊಂಡು ಸೈಕಲ್ ಜಾರುತ್ತದೆ. ಅದಕ್ಕೆ ನೇರ ರಸ್ತೆಯಲ್ಲೂ ಆಗಾಗ ಮೆಲ್ಲಗೆ ಬ್ರೇಕ್ ತಾಗಿಸುತ್ತಾ ರಿಮ್ ಒರೆಸಿಕೊಳ್ಳುತ್ತಿರಬೇಕು. ಡಿಸ್ಕ್ ಬ್ರೇಕ್ ಇದ್ದವರಿಗೆ ಈ ತೊಂದರೆ ಕಡಿಮೆ, ಆದರೆ ಬ್ರೇಕು ಎಷ್ಟೇ ಚೆನ್ನಾಗಿರಲಿ ಟೈರು ಹಿಡಿಯಬೇಕಾದ್ದು ಅದೇ ಒದ್ದೆ ರಸ್ತೆಯನ್ನು. ವೇಗ ಕಡಿಮೆ ಮಾಡುವುದೆಲ್ಲ ತಿರುವು ಬರುವ ಮುಂಚೆ, ಸೈಕಲ್ ನೆಟ್ಟಗಿರುವಾಗ. ತಿರುವಿನ ಒಳಗೆ ಬ್ರೇಕ್ ಬಿಟ್ಟು, ಹೊರಗಿನ ಕಾಲನ್ನು ಕೆಳಗೆ ಒತ್ತಿ, ಕಣ್ಣು ಮುಂದೆ ಹೋಗಬೇಕಾದ ಕಡೆ. ಹೇರ್‌ಪಿನ್ ತಿರುವುಗಳಲ್ಲಿ ಬಸ್ಸು, ಟೆಂಪೋಗಳಿಂದ ಡೀಸೆಲ್ ಚೆಲ್ಲಿರುತ್ತದೆ. ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣ ಕಂಡರೆ ಆ ಕಡೆ ಹೋಗಬೇಡಿ.

2021ರ ಆಗಸ್ಟ್‌ನಲ್ಲಿ ಈ ಬೆಟ್ಟದಲ್ಲಿ ಭೂಕುಸಿತವಾಗಿ ರಸ್ತೆಯೇ ಕೊಚ್ಚಿಹೋಗಿ ತಿಂಗಳುಗಟ್ಟಲೆ ದಾರಿ ಮುಚ್ಚಿತ್ತು. ಅದು ನೆನಪಿರುವುದರಿಂದ ನಾನು ಇಲ್ಲಿ ರಸ್ತೆಗಿಂತ ಪಕ್ಕದ ಇಳಿಜಾರನ್ನು ಜಾಸ್ತಿ ನೋಡುತ್ತೇನೆ. ಕೆಂಪು ನೀರು ರಸ್ತೆಗೆ ಅಡ್ಡ ಹರಿಯುತ್ತಿದ್ದರೆ ಅದರ ಜೊತೆ ಮರಳು, ಸಣ್ಣ ಕಲ್ಲು ಬಂದಿರುತ್ತದೆ. ಅವತ್ತು ಅಂಥ ಎರಡು ಕಡೆ ಲೀಡ್ ಅಕ್ಕ ನಿಂತು ಒಬ್ಬೊಬ್ಬರಿಗೂ ಕೈ ತೋರಿಸಿ ನಿಧಾನ ಮಾಡಿಸಿದ್ದರು. ಮೇಷ್ಟ್ರು ಇಳಿಯಲು ಹತ್ತಿದ್ದಕ್ಕಿಂತ ಜಾಸ್ತಿ ಹೆದರಿದ್ದರು, ಬೆರಳು ಮರಗಟ್ಟುವಷ್ಟು ಬ್ರೇಕ್ ಅದುಮಿದ್ದರು. ಎರಡು ಕಡೆ ಸುಮ್ನೆ ನಿಲ್ಲಿಸಿ ಕೈ ಕೊಡವಿಕೊಳ್ಳಲು ಹೇಳಿದೆ. ಮರಗಟ್ಟಿದ ಬೆರಳಿಗೆ ಎಷ್ಟು ಒತ್ತುತ್ತಿದ್ದೇನೆ ಅನ್ನುವುದೇ ಗೊತ್ತಾಗುವುದಿಲ್ಲ.

ಕೆಳಗೆ ಚೆಕ್‌ಪೋಸ್ಟ್ ಹತ್ತಿರ ತಲೆ ಎಣಿಸಿದೆವು, ಹನ್ನೆರಡು. ಹೆಗ್ಗಡಿಹಳ್ಳಿ ಮೇಲೆ ದೊಡ್ಡಬಳ್ಳಾಪುರದ ತನಕ ಸಣ್ಣ ಸಣ್ಣ ಏರಿಳಿತ, ಎರಡೂ ಕಡೆ ದ್ರಾಕ್ಷಿ ತೋಟ. ತೋಟದಿಂದ ಟ್ರ್ಯಾಕ್ಟರ್ ರಸ್ತೆಗೆ ಏರುವ ಕಡೆಯೆಲ್ಲ ಜೇಡಿಮಣ್ಣು ಬಿದ್ದಿತ್ತು, ಅದೊಂದು ಬಿಟ್ಟರೆ ಈ ದಾರಿ ಚಂದ. ಇಲ್ಲಿ ಮತ್ತೆ ಎಲ್ಲರೂ ಒಟ್ಟಿಗೆ. ಸುಸ್ತಾದವರನ್ನು ಮಧ್ಯದಲ್ಲಿ ಹಾಕಿಕೊಂಡು, ಬಲ ಇದ್ದವರು ಮುಂದೆ ಗಾಳಿ ತಡೆಯುತ್ತಾ ಹೋದರು. ಬೆಳಗ್ಗೆ ಬೆಟ್ಟದಲ್ಲಿ ಅವರನ್ನು ಅವರ ಪಾಡಿಗೆ ಬಿಟ್ಟಿದ್ದರಿಂದಲೇ ಈಗ ಖುಷಿಯಿಂದ ಈ ಕೆಲಸ ಮಾಡಿದರು ಅಂತ ನನ್ನ ನಂಬಿಕೆ. ದೊಡ್ಡಬಳ್ಳಾಪುರದಲ್ಲಿ ಬಿಸಿ ಬಿಸಿ ಇಡ್ಲಿ, ಆಮೇಲೆ ರಾಜಾನುಕುಂಟೆ, ಯಲಹಂಕ.

ಮನೆಗೆ ಬಂದ ಮೇಲೆ ಸ್ನಾನಕ್ಕಿಂತ ಮುಂಚೆ ಸೈಕಲ್. ಬಕೆಟ್ ನೀರು, ಬಟ್ಟೆ ಸಾಕು. ವಾಟರ್ ಸರ್ವಿಸ್‌ನ ಜೋರು ಪೈಪು ಬೇಡ, ಬೇರಿಂಗ್ ಒಳಗಿನ ಗ್ರೀಸ್ ತೊಳೆದುಹೋಗುತ್ತದೆ. ಚೈನು ಒರೆಸಿ, ಒಣಗಿಸಿ, ಒಂದೊಂದು ಕೊಂಡಿಗೂ ಒಂದೊಂದು ಹನಿ ಎಣ್ಣೆ. ಸೀಟಿನ ಕಂಬ ತೆಗೆದು ಸೈಕಲ್ ತಲೆಕೆಳಗು ಮಾಡಿದರೆ ಫ್ರೇಮಿನ ಒಳಗೆ ಸೇರಿದ್ದ ನೀರು ಹೊರಬರುತ್ತದೆ. ಸಂಜೆ ಮೇಷ್ಟ್ರು ಫೋನ್ ಮಾಡಿ ಮಡ್‌ಗಾರ್ಡ್ ಎಲ್ಲಿ ಸಿಗುತ್ತದೆ, ಯಾವ ಅಳತೆ ಅಂತ ಕೇಳಿದರು. ಟೈರಿಗಿಂತ ಹತ್ತು ಮಿಲಿಮೀಟರ್ ಆದರೂ ಅಗಲ ಇರುವುದನ್ನು ತಗೊಳ್ಳಿ, ಅಂಗಡಿಗೆ ಸೈಕಲ್ಲನ್ನೇ ತಗೊಂಡು ಹೋಗಿ ಕೂರುತ್ತದಾ ಅಂತ ನೋಡಿ ಅಂತ ಹೇಳಿದೆ.