ಅಜ್ಜಿ ಟ್ರಂಕಿನಲ್ಲಿ ಸಿಕ್ಕ ಬರ್ಮಾ ನೋಟು

ನಾನು ಯುದ್ಧಕಾಲದ ನೋಟು ಸೇರಿಸೋಕೆ ಶುರು ಮಾಡಿದ್ದು ಬೆಂಗಳೂರು ಅಲಸೂರಿನ ಒಬ್ಬರು ಅಜ್ಜಿ ಮನೇಲಿ. ಅವರ ಯಜಮಾನ್ರು ಮದ್ರಾಸ್ ಸ್ಯಾಪರ್ಸ್ ಅನ್ನೋ ಸೇನೆಯ ಎಂಜಿನಿಯರ್ ರೆಜಿಮೆಂಟ್‌ನಲ್ಲಿದ್ದು ಎರಡನೇ ಮಹಾಯುದ್ಧದಲ್ಲಿ ಬರ್ಮಾಗೆ ಹೋಗಿ ಬಂದೋರು. ಟ್ರಂಕ್ ಖಾಲಿ ಮಾಡ್ವಾಗ ಒಂದು ಹತ್ತು ರೂಪಾಯಿ ನೋಟು ಸಿಕ್ತು, "ತಗೋ ಮಗಾ, ಇದು ಎಲ್ಲೂ ನಡೆಯಲ್ಲ" ಅಂತ ಕೈಗಿಟ್ರು.

ನೋಡಿದ್ರೆ ರೂಪಾಯಿ ಅಂತಿದೆ, ಆದ್ರೆ ಮೇಲೆ ಜಪಾನ್ ಸರ್ಕಾರದ ಹೆಸರು! ಆಮೇಲೆ ಗೊತ್ತಾಯ್ತು, 1937ರ ತನಕ ಬರ್ಮಾ ಬ್ರಿಟಿಷ್ ಇಂಡಿಯಾದಲ್ಲೇ ಇತ್ತು, ಜನಕ್ಕೆ ರೂಪಾಯಿನೇ ರೂಢಿ, ಅದಕ್ಕೆ 1942ರಲ್ಲಿ ಜಪಾನಿನವರು ಬರ್ಮಾನ ಹಿಡ್ಕೊಂಡಾಗ ಅವರೂ ರೂಪಾಯಲ್ಲೇ ಪ್ರಿಂಟ್ ಮಾಡಿದ್ರು. ಇದರಲ್ಲಿ ನಮ್ಮ ನೋಟಿನ ಥರ ನಂಬರ್ ಇಲ್ಲ, ಬರೀ ಅಕ್ಷರ, ಮೊದಲನೇದು ಬಿ ಇದ್ರೆ ಬರ್ಮಾ, ಎಂ ಇದ್ರೆ ಮಲಯಾ, ಪಿ ಇದ್ರೆ ಫಿಲಿಪೀನ್ಸ್. ನೋಟಿನ ಬೆಲೆಗೆ ಚಿನ್ನ-ಬೆಳ್ಳಿಯಂಥ ಯಾವ ಆಧಾರನೂ ಇಲ್ದೆ ಬೇಕಾದಷ್ಟು ಪ್ರಿಂಟ್ ಹೊಡೆದು ಹಂಚಿದ್ರು, ಬೆಲೆಗಳು ಏರಿದ್ವು, ಬ್ರಿಟಿಷರು ವಾಪಸ್ ಬಂದ್ಮೇಲೆ ಎಲ್ಲಾ ರದ್ದಿ ಆಯ್ತು. ಕಂತೆಗಟ್ಟಲೆ ಉಳಿದಿದ್ದಕ್ಕೇ ಇವತ್ತಿಗೂ ಇವು ಅಗ್ಗ, ಹೊಸದಾಗಿ ಶುರು ಮಾಡೋರು ಇದರಿಂದಲೇ ಶುರು ಮಾಡಿ ಅಂತೀನಿ.

ನನ್ನ ದೊಡ್ಡ ತಪ್ಪು ಆಲ್ಬಂದು. ಅಂಗಡಿಯವರು ಕೊಟ್ಟಿದ್ದ ಮೆತ್ತನೆ ಪಿವಿಸಿ ಪ್ಲಾಸ್ಟಿಕ್ ಕವರ್‌ನಲ್ಲಿ ಎರಡು ವರ್ಷ ಇಟ್ಟಿದ್ದೆ, ತೆಗೆದಾಗ ಜಿಗುಟು ಜಿಗುಟು, ಎರಡು ನೋಟಿನ ಬಣ್ಣ ಕವರಿಗೇ ಅಂಟ್ಕೊಂಡಿತ್ತು. ಅವತ್ತು ಊಟ ಸೇರಲಿಲ್ಲ ನಂಗೆ. ಈಗ ಎಲ್ಲಾ ಗಟ್ಟಿ ಪಾಲಿಯೆಸ್ಟರ್ ಪ್ಲಾಸ್ಟಿಕ್ ಕವರ್‌ನಲ್ಲಿದೆ, ಮಳೆಗಾಲದಲ್ಲಿ ಜೊತೆಗೆ ತೇವ ಹೀರೋ ಸಿಲಿಕಾ ಜೆಲ್ ಪೊಟ್ಟಣ. ಹರಿದಿದ್ರೆ ಸೆಲ್ಲೋ ಟೇಪ್ ಹಾಕ್ಬೇಡಿ, ಮಡಿಕೆ ಹೋಗ್ಲಿ ಅಂತ ಇಸ್ತ್ರಿ ಮಾಡ್ಬೇಡಿ, ಲ್ಯಾಮಿನೇಶನ್ ಅಂತೂ ಬೇಡ್ವೇ ಬೇಡ.

ಆಮೇಲೆ ಅವೆನ್ಯೂ ರೋಡಲ್ಲಿ ಹುಡುಕಿ ಬ್ರಿಟಿಷ್ ರಾಜ ಆರನೇ ಜಾರ್ಜ್ ಚಿತ್ರ ಇರೋ 1940ರ ಒಂದು ರೂಪಾಯಿ ನೋಟು ತಗೊಂಡೆ. ಯುದ್ಧದಲ್ಲಿ ಜನ ಬೆಳ್ಳಿ ನಾಣ್ಯ ಬಚ್ಚಿಡೋಕೆ ಶುರು ಮಾಡಿದ್ದಕ್ಕೆ ಸರ್ಕಾರ ಈ ಕಾಗದದ ರೂಪಾಯಿ ತಂದಿದ್ದು. ಮೊದಲನೇ ಮಹಾಯುದ್ಧದಲ್ಲೂ ಇದೇ ಕಥೆ, 1917ರ ಒಂದು ರೂಪಾಯಿ, ಆಮೇಲೆ ಎರಡು ರೂಪಾಯಿ ಎಂಟಾಣೆ ನೋಟು. ಆ 1917ರ ನೋಟಿನಲ್ಲಿ ಕನ್ನಡ ಅಕ್ಷರನೂ ಇದೆ! ಎಂಟಾಣೆದು ನನ್ನ ಜೇಬಿಗೆ ಎಟುಕಲ್ಲ. ಹಳೇ ನೋಟು ನೋಡೋಕೆ ಆಸೆ ಇದ್ದೋರು ಬ್ರಂಟನ್ ರೋಡಿನ ರೆಜ್ವಾನ್ ರಜಾಕ್ ಮ್ಯೂಸಿಯಂಗೆ ಒಂದ್ಸಲ ಹೋಗಿ ಬನ್ನಿ.

ಈಗ ಹುಡುಕ್ತಿರೋದು 1945ರದ್ದು, ನಮ್ಮ ರಿಸರ್ವ್ ಬ್ಯಾಂಕ್ ನೋಟಿನ ಮೇಲೇ ಕೆಂಪಕ್ಷರದಲ್ಲಿ ಬರ್ಮಾದಲ್ಲಿ ಮಾತ್ರ ಚಲಾವಣೆ ಅಂತ ಒತ್ತಿರೋದು. ಅಜ್ಜಿ ಯಜಮಾನ್ರು ಅಲ್ಲಿ ಟೀ ಕುಡಿದಿದ್ದು ಅಂಥ ನೋಟು ಕೊಟ್ಟೇ ಇರ್ಬೇಕು ಅನ್ಸುತ್ತೆ. ಅವರ ಹೆಸರು, ರೆಜಿಮೆಂಟು, ಅಜ್ಜಿ ಹೇಳಿದ ಮಾತು ಎಲ್ಲಾ ಪೆನ್ಸಿಲಲ್ಲಿ ಒಂದು ಚೀಟಿಗೆ ಬರೆದು ಆ ಹತ್ತು ರೂಪಾಯಿ ಜೊತೆ ಇಟ್ಟಿದೀನಿ. ಕೆಂಪಕ್ಷರದ್ದು ಸಿಕ್ಕಿದ್ರೆ ಅದನ್ನೂ ಅದೇ ಪುಟದಲ್ಲಿ ಇಡ್ತೀನಿ.