ಕಂಪ್ಯೂಟರ್ ಫೋನ್ ಹಿಡೀತಿಲ್ವಾ? ಡ್ರೈವರ್ ಆಮೇಲೆ, ಮೊದಲು ಕೇಬಲ್ ನೋಡಿ

ಹೋದ ಬೇಸಿಗೆಯಲ್ಲಿ ಆಳಂದದಿಂದ ನಮ್ಮ ಕಾಕಾ ಕಲಬುರಗಿಗೆ ಬಂದಿದ್ದರು. ಮಗಳ ನಿಶ್ಚಿತಾರ್ಥದ ಫೋಟೊ ಎಲ್ಲ ಫೋನಿನಲ್ಲಿದ್ದವು, ಪೆನ್‌ಡ್ರೈವಿಗೆ ಹಾಕಿಕೊಡಬೇಕಿತ್ತು. "ತಮ್ಮಾ, ನಿನ್ನ ಕಂಪ್ಯೂಟರ್ ನನ್ನ ಫೋನ್ ಹಿಡೀವಲ್ದು ನೋಡು" ಅಂದರು. ನಾನು ಸೀದಾ ಡ್ರೈವರ್, ಅಂದರೆ ಫೋನ್ ಜೊತೆ ಮಾತಾಡಲು ಕಂಪ್ಯೂಟರಿಗೆ ಬೇಕಾದ ಸಾಫ್ಟ್‌ವೇರ್, ಹುಡುಕಲು ಕೂತೆ. ಎರಡು ತಾಸು ಹೋಯಿತು, ನಡುವೆ ಒಮ್ಮೆ ಕರೆಂಟೂ ಹೋಯಿತು. ಕೊನೆಗೆ ನೋಡಿದರೆ ಅದು ಪವರ್‌ಬ್ಯಾಂಕ್ ಜೊತೆ ಬಂದ ಕೇಬಲ್. ಚಾರ್ಜ್ ಮಾಡೋದು ಬಿಟ್ಟರೆ ಅದಕ್ಕೆ ಬೇರೆ ಕೆಲಸ ಗೊತ್ತಿಲ್ಲ.

ಕೇಬಲ್ಲಿನ ಅಗಲ ತುದಿಯನ್ನು, ಅಂದರೆ ಕಂಪ್ಯೂಟರಿಗೆ ಹಾಕುವ ಕಡೆಯದನ್ನು, ಬೆಳಕಿಗೆ ಹಿಡಿದು ನೋಡಿ. ಮಾಮೂಲಿ ಕೇಬಲ್ ಆದರೆ ಒಳಗೆ ಹಳದಿ ಬಣ್ಣದ ನಾಲ್ಕು ಪಟ್ಟಿ ಕಾಣುತ್ತವೆ. ಅಂಚಿನ ಎರಡು ಕರೆಂಟಿಗೆ, ನಡುವಿನ ಎರಡು ಡೇಟಾಗೆ. ಬರೀ ಚಾರ್ಜಿನ ಕೆಲವು ಕೇಬಲ್‌ಗಳಲ್ಲಿ ನಡುವಿನ ಎರಡು ಇರೋದೇ ಇಲ್ಲ. ಇನ್ನು ಕೆಲವಕ್ಕೆ ಪಟ್ಟಿ ನಾಲ್ಕೂ ಇರುತ್ತವೆ, ಒಳಗೆ ತಂತಿ ಮಾತ್ರ ಎರಡೇ. ಅದಕ್ಕೇ ನೋಡಿದ್ದು ಸಾಲದು, ಬೇರೆ ಕೇಬಲ್ ಹಾಕಿ ಪರೀಕ್ಷೆ ಮಾಡಿ. ನಮ್ಮ ಕಡೆಯ ಧೂಳು ಬೇರೆ ಇದೆಯಲ್ಲ, ಅಂಗಿ ಜೇಬಿನ ನೂಲಿನ ಜೊತೆ ಸೇರಿ ಫೋನಿನ ತೂತಿನಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಫೋನ್ ಆಫ್ ಮಾಡಿ ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ತೆಗೆಯಿರಿ. ಸೂಜಿ ಬೇಡ.

ಈಗ ಫೋನ್ ಸಿಕ್ಕಿಸಿ ಕಿವಿಗೊಡಿ. ವಿಂಡೋಸ್ ಕಂಪ್ಯೂಟರ್ ಟಣ್ ಅಂತ ಸದ್ದು ಮಾಡಲೇ ಇಲ್ಲವಾ, ಡಿವೈಸ್ ಮ್ಯಾನೇಜರಿನಲ್ಲೂ (ಕಂಪ್ಯೂಟರಿನ ಸಾಧನಗಳ ಪಟ್ಟಿ ಅದು, ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಸಿಗುತ್ತದೆ) ಏನೂ ಹೊಸದಾಗಿ ಬರಲಿಲ್ಲವಾ, ಹಾಗಾದರೆ ಡ್ರೈವರ್ ಹಾಕಿ ಏನೂ ಉಪಯೋಗವಿಲ್ಲ, ಯಾಕೆಂದರೆ ಫೋನ್ ಬಂದಿದೆ ಅನ್ನೋದೇ ಕಂಪ್ಯೂಟರಿಗೆ ಗೊತ್ತಾಗಿಲ್ಲ. ಕೇಬಲ್ ಬದಲಿಸಿ, ಸಿಪಿಯು ಹಿಂದಿನ ಪೋರ್ಟಿಗೆ ಹಾಕಿ. ಸದ್ದು ಬಂದು ಫೋಲ್ಡರ್ ಖಾಲಿ ಕಂಡರೆ ಫೋನಿನ ಲಾಕ್ ತೆಗೆದು, ಮೇಲಿನಿಂದ ನೋಟಿಫಿಕೇಶನ್ ಎಳೆದು, ಯುಎಸ್‌ಬಿ ಚಾರ್ಜಿಂಗ್ ಅಂತ ಇರುವುದನ್ನು ಒತ್ತಿ ಫೈಲ್ ಟ್ರಾನ್ಸ್‌ಫರ್ ಆರಿಸಿ. ಬಹಳಷ್ಟು ಜನರ ಕೆಲಸ ಇಲ್ಲಿಗೇ ಮುಗಿಯುತ್ತದೆ.

ಮುಗಿಯದಿದ್ದರೆ ಮಾತ್ರ ಡ್ರೈವರ್. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ಪೋರ್ಟಬಲ್ ಡಿವೈಸಸ್ ಅಥವಾ ಅದರ್ ಡಿವೈಸಸ್ ಕೆಳಗೆ ಹಳದಿ ತ್ರಿಕೋನದ ಜೊತೆ ನಿಮ್ಮ ಫೋನ್ ಇರಬೇಕು. ಅದರ ಪ್ರಾಪರ್ಟೀಸ್‌ನಲ್ಲಿ ಕೋಡ್ 28 ಅಂತಿದ್ದರೆ ಡ್ರೈವರ್ ಇಲ್ಲ ಅಂತ ಅರ್ಥ. ಮೊದಲು ಅದನ್ನು ಅನ್‌ಇನ್‌ಸ್ಟಾಲ್ ಮಾಡಿ, ಫೋನ್ ಕಿತ್ತು, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ ಮತ್ತೆ ಹಾಕಿ ನೋಡಿ. ಆಗಲೂ ಅದೇ ಗೋಳಾದರೆ ರೈಟ್ ಕ್ಲಿಕ್, ಅಪ್‌ಡೇಟ್ ಡ್ರೈವರ್, ಬ್ರೌಸ್ ಮೈ ಕಂಪ್ಯೂಟರ್, ಅದರಲ್ಲಿ ಕೆಳಗಿರುವ ಲೆಟ್ ಮಿ ಪಿಕ್. ಬರುವ ಪಟ್ಟಿಯಲ್ಲಿ ಎಂಟಿಪಿ ಯುಎಸ್‌ಬಿ ಡಿವೈಸ್ ಆರಿಸಿ ನೆಕ್ಸ್ಟ್ ಒತ್ತಿ (ಎಂಟಿಪಿ ಅಂದರೆ ಫೋನ್ ಮತ್ತು ಕಂಪ್ಯೂಟರ್ ನಡುವೆ ಫೈಲ್ ಸಾಗಿಸುವ ವಿಧಾನ). ಎಚ್ಚರಿಕೆ ಬಂದರೆ ಯೆಸ್ ಅನ್ನಿ. ಈ ಡ್ರೈವರ್ ವಿಂಡೋಸ್ ಒಳಗೇ ಇರುತ್ತದೆ, ನೆಟ್ ಬೇಕಿಲ್ಲ. ಗೂಗಲ್ ಮಾಡಿದರೆ ಸಿಗುವ "ಎಲ್ಲ ಫೋನಿಗೂ ಒಂದೇ ಡ್ರೈವರ್" ಥರದ ಸಾಫ್ಟ್‌ವೇರ್ ಮಾತ್ರ ಇಳಿಸಬೇಡಿ, ಅದರ ಜೊತೆ ಬೇಡದ ನಾಲ್ಕು ಬಂದು ಕೂರುತ್ತವೆ. ವಿಂಡೋಸ್ ಎನ್, ಅಂದರೆ ಹಾಡು-ವಿಡಿಯೊ ಸಾಫ್ಟ್‌ವೇರ್ ತೆಗೆದು ಕೊಡುವ ಆವೃತ್ತಿ, ಇದ್ದವರು ಸೆಟ್ಟಿಂಗ್ಸ್‌ನ ಆಪ್ಷನಲ್ ಫೀಚರ್ಸ್‌ನಿಂದ ಮೀಡಿಯಾ ಫೀಚರ್ ಪ್ಯಾಕ್ ಹಾಕಿಕೊಳ್ಳಬೇಕು, ಅದಿಲ್ಲದೆ ಎಂಟಿಪಿ ನಡೆಯೋದಿಲ್ಲ.

ಐಫೋನ್ ಕಥೆ ಚಿಕ್ಕದು. ಐಟ್ಯೂನ್ಸ್ ಅಥವಾ ಆ್ಯಪಲ್ ಡಿವೈಸಸ್ ಆ್ಯಪ್ ಹಾಕಿದರೆ ಡ್ರೈವರ್ ತಾನೇ ಬರುತ್ತದೆ. ಫೋನಿನಲ್ಲಿ ಟ್ರಸ್ಟ್ ಒತ್ತೋದು ಮರೆಯಬೇಡಿ.

ಆ್ಯಪ್ ಮಾಡೋದು ಕಲಿಯುತ್ತಿರುವ ಹುಡುಗರಿಗೆ ಇದಿಷ್ಟು ಸಾಲದು, ಎಡಿಬಿ (ಕಂಪ್ಯೂಟರಿನಿಂದ ಆಂಡ್ರಾಯ್ಡ್ ಫೋನಿಗೆ ಕಮಾಂಡ್ ಕೊಡುವ ಸಾಧನ) ಡ್ರೈವರ್ ಬೇರೆ ಬೇಕು. ಗೂಗಲ್ ಯುಎಸ್‌ಬಿ ಡ್ರೈವರ್ ಇರೋದು ಗೂಗಲ್‌ನ ಫೋನುಗಳಿಗೆ, ಉಳಿದವರು ತಮ್ಮ ಫೋನ್ ಕಂಪನಿಯದನ್ನೇ ಇಳಿಸಿಕೊಳ್ಳಿ. ಸೆಟ್ಟಿಂಗ್ಸ್‌ನ ಅಬೌಟ್ ಫೋನ್‌ನಲ್ಲಿ ಬಿಲ್ಡ್ ನಂಬರ್ ಮೇಲೆ 7 ಸಲ ಒತ್ತಿದರೆ ಡೆವಲಪರ್ ಆಪ್ಷನ್ಸ್ ತೆರೆಯುತ್ತದೆ, ಅಲ್ಲಿ ಯುಎಸ್‌ಬಿ ಡಿಬಗ್ಗಿಂಗ್ ಆನ್ ಮಾಡಿ. ಎಡಿಬಿ ಡಿವೈಸಸ್ ಕಮಾಂಡ್ ಕೊಟ್ಟಾಗ ಅನ್‌ಆಥರೈಸ್ಡ್ ಅಂತ ಬಂದರೆ ಡ್ರೈವರ್ ಸರಿಯಾಗಿಯೇ ಇದೆ, ಫೋನಿನ ಪರದೆ ಮೇಲೆ ಒಪ್ಪಿಗೆ ಕೇಳುತ್ತಾ ಕಾಯುತ್ತಿದೆ, ನೀವೇ ನೋಡಿಲ್ಲ. ಕೆಲಸ ಆದ ಮೇಲೆ ಡಿಬಗ್ಗಿಂಗ್ ಆಫ್ ಮಾಡಿ.

ಕಾಕಾನ ಫೋಟೊ ಅಂತೀರಾ? ಕೇಬಲ್ ಬದಲಿಸಿದ ಮೇಲೂ ಕ್ಯಾಮೆರಾ ಫೋಲ್ಡರಿನಲ್ಲಿ ನಿಶ್ಚಿತಾರ್ಥದ್ದು ಒಂದೂ ಇರಲಿಲ್ಲ. ಅವೆಲ್ಲ ಬೀಗರು ವಾಟ್ಸ್‌ಆ್ಯಪಿನಲ್ಲಿ ಕಳಿಸಿದ್ದವು. ಈಗಿನ ಫೋನುಗಳಲ್ಲಿ ಅವು ಆಂಡ್ರಾಯ್ಡ್ ಅನ್ನೋ ಫೋಲ್ಡರ್ ಒಳಗೆ ಮೀಡಿಯಾ, ಅದರೊಳಗೆ ವಾಟ್ಸ್‌ಆ್ಯಪ್ ಹೆಸರಿನ ಫೋಲ್ಡರಿನಲ್ಲಿ ಇರುತ್ತವೆ. ಸಾವಿರಗಟ್ಟಲೆ ಇದ್ದರೆ ಒಂದೇ ಸಲ ಎಳೆಯಬೇಡಿ, ನೂರು ಇನ್ನೂರರಂತೆ ಕಾಪಿ ಮಾಡಿ. ನಡುವೆ ನಿಂತರೂ ಎಲ್ಲಿವರೆಗೆ ಬಂದಿತ್ತು ಅಂತ ಗೊತ್ತಿರುತ್ತದೆ.