ಬಿಲ್ ಓದೋಕೆ ಮ್ಯಾಕ್ರೋ ಯಾಕೆ ಬೇಕು?

ದಾವಣಗೆರೆ ಮಂಡಿಪೇಟೆಯ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುವ ಹುಡುಗ ಮೊನ್ನೆ ಫೋನ್ ಮಾಡಿದ. "ಅಣ್ಣಾ, ಮೇಲಲ್ಲಿ ಬಿಲ್ ಬಂದೈತಿ. ತೆಗೆದ್ರೆ ಬರೀ ಮಸುಕು ಚಿತ್ರ. ಓದೋಕೆ 'ಎನೇಬಲ್ ಕಂಟೆಂಟ್' ಒತ್ತಿ ಅಂತೈತಿ. ಒತ್ಲಾ?"

ಬೇಡಪ್ಪಾ, ಮೊದಲು ಕಳಿಸಿದ ಪಾರ್ಟಿಗೆ ಫೋನ್ ಮಾಡಿ ಕೇಳು ಅಂದೆ. ಅವರು ಯಾವ ಬಿಲ್ಲೂ ಕಳಿಸಿರಲಿಲ್ಲ.

ಆ ಗುಂಡಿ ಇರುವುದು ಓದುವುದಕ್ಕಲ್ಲ, ಫೈಲಿನೊಳಗಿನ ಮ್ಯಾಕ್ರೋ ಓಡಿಸುವುದಕ್ಕೆ. ಮ್ಯಾಕ್ರೋ ಅಂದರೆ ಪುಟ್ಟ ಪ್ರೋಗ್ರಾಂ. ಎಕ್ಸೆಲ್‌ನಲ್ಲಿ ಅದನ್ನು 'ವರ್ಕ್‌ಬುಕ್ ಓಪನ್' ಹೆಸರಲ್ಲಿ ಬರೆದಿಟ್ಟರೆ, ಅನುಮತಿ ಸಿಕ್ಕಿದ್ದರೆ ಫೈಲ್ ತೆರೆದ ಕೂಡಲೇ ತಾನಾಗಿ ಓಡುತ್ತದೆ. ಅದೇ ಅಂಗಡಿಯ ಮೆಕ್ಕೆಜೋಳದ ಸ್ಟಾಕ್ ಶೀಟಿಗೆ ನಾನೇ ಒಂದು ಬರೆದುಕೊಟ್ಟಿದ್ದೇನೆ. ಬೆಳಿಗ್ಗೆ ತೆರೆದರೆ ಆ ದಿನದ ತಾರೀಖಿನ ಹಾಳೆ ರೆಡಿ. 1999ರ ಮೆಲಿಸ್ಸಾ ವೈರಸ್ ಕೂಡ ಇಂಥದ್ದೇ ಮ್ಯಾಕ್ರೋ. ವರ್ಡ್ ಫೈಲ್ ತೆರೆದವರ ಔಟ್‌ಲುಕ್ ವಿಳಾಸಪಟ್ಟಿಯ ಮೊದಲ 50 ಜನಕ್ಕೆ ತನ್ನನ್ನು ತಾನೇ ಮೇಲ್ ಮಾಡಿಕೊಳ್ಳುತ್ತಿತ್ತು!

ಮೊದಲು ಫೈಲಿನ ಬಾಲ, ಅಂದರೆ ಹೆಸರಿನ ಕೊನೆಯಲ್ಲಿ ಚುಕ್ಕೆಯ ನಂತರದ ಅಕ್ಷರ ನೋಡಿ. ವಿಂಡೋಸ್ 11 ಆದರೆ ಫೋಲ್ಡರ್ ತೆರೆದು ವ್ಯೂ, ಶೋ, 'ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್' ಒತ್ತಿ. ಎಕ್ಸ್‌ಎಲ್‌ಎಸ್‌ಎಂ, ಡಿಒಸಿಎಂ ಅಂತ ಮುಗಿದರೆ ಒಳಗೆ ಮ್ಯಾಕ್ರೋ ಇರಬಹುದು. ಎಕ್ಸ್‌ಎಲ್‌ಎಸ್‌ಎಕ್ಸ್‌ನಲ್ಲಿ ಮ್ಯಾಕ್ರೋ ಉಳಿಯುವುದಿಲ್ಲ. ಹಳೇ ಎಕ್ಸ್‌ಎಲ್‌ಎಸ್ ಹೊರಗಿನಿಂದ ನೋಡಿದರೆ ಗೊತ್ತಾಗದು, ಅದರ ಮೇಲೆ ಜಾಸ್ತಿ ಕಣ್ಣಿರಲಿ.

ಆಮೇಲೆ ಎಕ್ಸೆಲ್‌ನಲ್ಲಿ ಫೈಲ್, ಆಪ್ಷನ್ಸ್, ಟ್ರಸ್ಟ್ ಸೆಂಟರ್, ಟ್ರಸ್ಟ್ ಸೆಂಟರ್ ಸೆಟ್ಟಿಂಗ್ಸ್, ಮ್ಯಾಕ್ರೋ ಸೆಟ್ಟಿಂಗ್ಸ್‌ಗೆ ಹೋಗಿ. 'ಡಿಸೇಬಲ್... ವಿತ್ ನೋಟಿಫಿಕೇಶನ್' ಅನ್ನುವುದಕ್ಕೆ ಗುರುತು ಇರಬೇಕು. ದಿನಾ ಕೇಳುತ್ತದಲ್ಲ ಅಂತ ಬೇಸತ್ತು ಕೆಲವರು 'ಎನೇಬಲ್' ಮಾಡಿಬಿಟ್ಟಿರುತ್ತಾರೆ. ಅಂಥವರಿಗೆ ಬೇರೆ ದಾರಿ ಇದೆ. ಸ್ವಂತ ಶೀಟುಗಳಿಗೆ ಒಂದು ಫೋಲ್ಡರ್ ಮಾಡಿ, ಅದೇ ಟ್ರಸ್ಟ್ ಸೆಂಟರ್‌ನ 'ಟ್ರಸ್ಟೆಡ್ ಲೊಕೇಶನ್ಸ್‌'ಗೆ ಸೇರಿಸಿ. ಅಲ್ಲಿನ ಫೈಲಿಗೆ ಎಕ್ಸೆಲ್ ಏನೂ ಕೇಳುವುದಿಲ್ಲ. ಸುಮ್ನೆ ಡೌನ್‌ಲೋಡ್ಸ್ ಫೋಲ್ಡರನ್ನೇ ಸೇರಿಸಿ ಕೂತುಬಿಟ್ಟೀರಿ, ಬಾಗಿಲಿಗೆ ಬೀಗ ಹಾಕಿ ಕೀಲಿಕೈ ಅಲ್ಲೇ ಬಿಟ್ಟ ಹಾಗೆ.

ಇನ್ನು ಫೈಲ್ ತೆರೆದಾಗ ಮೇಲ್ಗಡೆ ಅಡ್ಡಕ್ಕೆ ಕಾಣುವ ಎಚ್ಚರಿಕೆ ಪಟ್ಟಿಯ ಬಣ್ಣ. ಇಂಟರ್ನೆಟ್ಟಿನಿಂದ ಇಳಿದ ಫೈಲಿಗೆ ವಿಂಡೋಸ್ ಒಂದು ಗುರುತು ಹಾಕುತ್ತದೆ. ಆ ಗುರುತಿರುವ ಫೈಲಿನ ಮ್ಯಾಕ್ರೋಗಳನ್ನು ಮೈಕ್ರೋಸಾಫ್ಟ್ 2022ರಿಂದ ಕೆಂಪು ಪಟ್ಟಿ ತೋರಿಸಿ ತಡೆಯುತ್ತಿದೆ, ಅದರಲ್ಲಿ ಎನೇಬಲ್ ಗುಂಡಿಯೇ ಇಲ್ಲ. ಆದರೆ ಅದೇ ಫೈಲನ್ನು ಎಫ್‌ಎಟಿ32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವಿಗೆ ಹಾಕಿದರೆ ಗುರುತು ಅಳಿಸಿಹೋಗುತ್ತದೆ. ಪಕ್ಕದಂಗಡಿಯ ಕಂಪ್ಯೂಟರಿನಲ್ಲಿ ಬರೀ ಹಳದಿ ಪಟ್ಟಿ ಬರುತ್ತದೆ, ಗುಂಡಿಯ ಸಮೇತ. ಪೆನ್‌ಡ್ರೈವ್ ಕೊಟ್ಟವರು ಗುರುತಿನವರೇ ಆದರೂ ಫೈಲ್ ಎಲ್ಲಿಂದ ಬಂತು ಅಂತ ಕೇಳಿ.

ಎಕ್ಸೆಲ್, ವರ್ಡ್ ಬದಲು ಉಚಿತ ಲಿಬ್ರೆಆಫೀಸ್ ಬಳಸುವವರು ಟೂಲ್ಸ್, ಆಪ್ಷನ್ಸ್, ಸೆಕ್ಯೂರಿಟಿಯಲ್ಲಿ ಮ್ಯಾಕ್ರೋ ಸೆಕ್ಯೂರಿಟಿ 'ಹೈ' ಇದೆಯಾ ನೋಡಿಕೊಂಡರೆ ಸಾಕು.

ಆಗಲೇ ಒತ್ತಿಬಿಟ್ಟಿದ್ದೀರಾ? ಮೊದಲು ನೆಟ್ ವೈರ್ ಕೀಳಿ, ವೈಫೈ ಆಫ್ ಮಾಡಿ. ಬೇರೆ ಕಂಪ್ಯೂಟರಿನಿಂದಲೋ ಮೊಬೈಲಿನಿಂದಲೋ ಮೇಲ್, ಬ್ಯಾಂಕ್ ಪಾಸ್‌ವರ್ಡ್ ಬದಲಿಸಿ. ಖಾತೆಯಿಂದ ದುಡ್ಡು ಹೋಗಿದ್ದರೆ ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಆ ಕಂಪ್ಯೂಟರ್ ಪರೀಕ್ಷೆ ಆಗುವವರೆಗೆ ಅದಕ್ಕೆ ಪೆನ್‌ಡ್ರೈವ್ ಹಾಕಬೇಡಿ.